ಫುಂಬಾನ್ ಅರಮನೆ, ಮ್ಯೂಸಿಯಂ, ಕುಶಲಕರ್ಮಿಗಳ ಬೀದಿ: ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಯಾಮರೂನ್‌ನ ಫುಂಬಾನ್‌ಗೆ ಹೋಗಿ ಬಂದ ಮೇಲೆ ಸಿಕ್ಕವರೆಲ್ಲ ಆ ಊರಿನ ಬಗ್ಗೆ ಕೇಳುತ್ತಲೇ ಇದ್ದಾರೆ. ಮದುವೆ ಮನೆಯಲ್ಲಿ ಕೇಳಿದ್ದು, ಫೋನಿನಲ್ಲಿ ಕೇಳಿದ್ದು, ಪತ್ರ ಬರೆದು ಕೇಳಿದ್ದು, ಎಲ್ಲವನ್ನೂ ಸೇರಿಸಿ ಇಲ್ಲಿ ಉತ್ತರ ಬರೆದಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಮೊದಲು ಸುಲಭದ್ದು, ಆಮೇಲೆ ಆಳದ್ದು. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

## ಶುರುವಿಗೆ

ಫುಂಬಾನ್ ಎಲ್ಲಿದೆ? ಹೆಸರೇ ಕೇಳಿಲ್ಲವಲ್ಲ

ಕ್ಯಾಮರೂನ್ ದೇಶದ ಪಶ್ಚಿಮ ಪ್ರಾಂತ್ಯದಲ್ಲಿದೆ. ಗುಡ್ಡಗಾಡು ಸೀಮೆ, ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಎತ್ತರ. ಕೆಂಪು ಮಣ್ಣು, ಮೆಕ್ಕೆಜೋಳದ ಹೊಲ, ಬಾಳೆ ತೋಟ. ಇದು ಬಮೂಮ್ ಜನರ ರಾಜಧಾನಿ. ಟಿಕಾರ್ ಸೀಮೆಯಿಂದ ಬಂದ ಎನ್‌ಶಾರೆ ಯೆನ್ ಎಂಬ ರಾಜಕುಮಾರ ಇಲ್ಲಿಯ 18 ಪಾಳೆಯಗಾರರನ್ನು ಗೆದ್ದು ರಾಜ್ಯ ಕಟ್ಟಿದ ಎಂದು ಬಮೂಮರು ಹೇಳುತ್ತಾರೆ. ಅರಮನೆಯ ಲೆಕ್ಕದಲ್ಲಿ ಅದು 1394ನೇ ಇಸವಿ. ಅಷ್ಟು ಹಿಂದೆ ಅಲ್ಲ, ಇನ್ನೂ ಈಚೆಗೆ ಎನ್ನುವ ಇತಿಹಾಸಕಾರರೂ ಇದ್ದಾರೆ. ಏನೇ ಇರಲಿ, ಅಂದಿನಿಂದ ಇಂದಿನವರೆಗೆ ಒಂದೇ ಮನೆತನ ಆ ಗದ್ದುಗೆಯ ಮೇಲಿದೆ.

ಕ್ಯಾಮರೂನ್ ಚರಿತ್ರೆ ಓದಿದವರಿಗೆ ಊರಿನ ಹೆಸರು ಇನ್ನೊಂದು ಕಾರಣಕ್ಕೆ ಗೊತ್ತಿರುತ್ತದೆ. ಇಂಗ್ಲಿಷ್ ಮಾತಾಡುವ ಭಾಗ ಮತ್ತು ಫ್ರೆಂಚ್ ಮಾತಾಡುವ ಭಾಗ ಒಂದೇ ದೇಶವಾಗುವ ಮುನ್ನ, 1961ರ ಜುಲೈನಲ್ಲಿ, ಎರಡೂ ಕಡೆಯವರು ಸಂವಿಧಾನದ ಬಗ್ಗೆ ಮಾತುಕತೆಗೆ ಕೂತದ್ದು ಇದೇ ಊರಿನಲ್ಲಿ.

ನೋಡೋಕೆ ಏನಿದೆ? ಒಂದು ದಿನ ಸಾಕಾ?

ಮುಖ್ಯವಾಗಿ ಮೂರು. ರಾಜರ ಅರಮನೆ, ಅದರ ಪಕ್ಕದಲ್ಲೇ ಬಮೂಮ್ ರಾಜರ ಹೊಸ ಮ್ಯೂಸಿಯಂ, ಮತ್ತೆ ಊರಿನ ಇನ್ನೊಂದು ಕಡೆ ಕುಶಲಕರ್ಮಿಗಳ ಬೀದಿ. ಆ ಬೀದಿಯಲ್ಲಿ ಬಮೂಮರ ಕಲೆ ಮತ್ತು ಸಂಪ್ರದಾಯದ ಚಿಕ್ಕ ಮ್ಯೂಸಿಯಂ ಕೂಡ ಇದೆ. ಅರಮನೆಯ ಎದುರಿಗೆ ಮಸೀದಿ, ಹತ್ತಿರದಲ್ಲೇ ಪೇಟೆ.

ಒಂದು ದಿನದಲ್ಲಿ ಓಡಾಡಿ ಮುಗಿಸಬಹುದು. ಆದರೆ ನನ್ನ ಮಾತು ಕೇಳುವುದಾದರೆ ಎರಡು ರಾತ್ರಿ ಉಳಿಯಿರಿ. ಮೊದಲ ದಿನ ಅರಮನೆ, ಮ್ಯೂಸಿಯಂ. ಎರಡನೇ ದಿನ ಪೂರ್ತಿ ಬೀದಿಗೆ ಬಿಡಿ. ಕೆಲಸ ಮಾಡುವವರ ಪಕ್ಕ ಕೂತು ನೋಡುವುದಕ್ಕೆ ಸಮಯ ಬೇಕು. ಹತ್ತಿರದ ದೊಡ್ಡ ಊರು ಬಾಫುಸಾಮ್‌ನಿಂದ ಬೆಳಗ್ಗೆ ಬಂದು ಸಂಜೆ ಹೊರಡುವವರು ಅದನ್ನೇ ಕಳೆದುಕೊಳ್ಳುತ್ತಾರೆ.

ಈಗಲೂ ರಾಜ ಇದ್ದಾರಾ, ಇಲ್ಲಾ ಖಾಲಿ ಅರಮನೆನಾ?

ಇದ್ದಾರೆ. ಜನ ಅವರನ್ನು ಸುಲ್ತಾನ್ ಎಂದೂ ಕರೆಯುತ್ತಾರೆ. ಈಗಿನವರು ನಬೀಲ್ ಎಂಬೊಂಬೊ ಎನ್‌ಜೋಯಾ. ತಂದೆ ಇಬ್ರಾಹಿಂ ಎಂಬೊಂಬೊ ಎನ್‌ಜೋಯಾ 2021ರಲ್ಲಿ ತೀರಿಕೊಂಡ ಮೇಲೆ, ಅದೇ ವರ್ಷ ಗದ್ದುಗೆ ಏರಿದರು. ಮನೆತನದ ಲೆಕ್ಕದಲ್ಲಿ ಇಪ್ಪತ್ತನೆಯ ರಾಜ.

ಅರಮನೆಯ ಅಂಗಳದಲ್ಲಿ ನಿಂತರೆ ಇದು ಗೊತ್ತಾಗುತ್ತದೆ. ನ್ಯಾಯ ಕೇಳಲು ಬಂದ ರೈತರು, ಉದ್ದ ನಿಲುವಂಗಿ ತೊಟ್ಟ ಊಳಿಗದವರು, ಯಾರದೋ ಮನೆಯ ಜಮೀನಿನ ತಗಾದೆ. ಶುಕ್ರವಾರ ಮಧ್ಯಾಹ್ನ ಆಗುವಂತಿದ್ದರೆ ಊರಿನಲ್ಲೇ ಇರಿ. ಸುಲ್ತಾನರು ನಮಾಜಿಗೆ ಎದುರಿನ ಮಸೀದಿಗೆ ಹೋಗುವಾಗ ಕಹಳೆ, ಡೋಲು, ಪರಿವಾರ ಎಲ್ಲ ಜೊತೆಗಿರುತ್ತದೆ.

## ಹೊರಡುವ ಮುನ್ನ

ಬೆಂಗಳೂರಿಂದ ಹೇಗೆ ಹೋಗೋದು?

ನೇರ ವಿಮಾನ ಇಲ್ಲ. ಅಡಿಸ್ ಅಬಾಬಾ ಮೂಲಕ ಡುವಾಲಾ ಅಥವಾ ಯಾವುಂಡೆಗೆ ಹೋಗುವ ದಾರಿ ಅನುಕೂಲ. ಅಲ್ಲಿಂದ ರಸ್ತೆಯಲ್ಲಿ ಬಾಫುಸಾಮ್, ಬಾಫುಸಾಮ್‌ನಿಂದ ಸುಮಾರು 70 ಕಿ.ಮೀ. ಫುಂಬಾನ್. ಯಾವುಂಡೆಯಿಂದ ಬಾಫುಸಾಮ್ ಹತ್ತಿರ ಹತ್ತಿರ 300 ಕಿ.ಮೀ. ಇದೆ. ನಕ್ಷೆಯಲ್ಲಿ ಕಡಿಮೆ ಅನಿಸಿದರೂ ಒಂದು ಹಗಲು ಪೂರ್ತಿ ಅದಕ್ಕೇ ಇಟ್ಟುಕೊಳ್ಳಿ. ಬಸ್ ತುಂಬಿದ ಮೇಲೆ ಹೊರಡುವುದು ಅಲ್ಲಿಯ ವಾಡಿಕೆ. ರಾತ್ರಿ ಪ್ರಯಾಣ ಬೇಡವೇ ಬೇಡ.

ವೀಸಾಕ್ಕೆ, ಚುಚ್ಚುಮದ್ದಿಗೆ ಏನು ಮಾಡಬೇಕು?

ಕ್ಯಾಮರೂನ್ 2023ರಿಂದ ಇ-ವೀಸಾ ಕೊಡುತ್ತಿದೆ. ಟಿಕೆಟ್ ಮಾಡಿಸುವ ಮೊದಲೇ ಅರ್ಜಿ ಹಾಕಿ.

ಹಳದಿ ಜ್ವರದ ಲಸಿಕೆ ಕಡ್ಡಾಯ. ಸರ್ಕಾರದ ಮಾನ್ಯತೆ ಇರುವ ಕೇಂದ್ರದಲ್ಲೇ ಹಾಕಿಸಿಕೊಂಡು ಹಳದಿ ಕಾರ್ಡ್ ತಗೊಳ್ಳಬೇಕು. ಚುಚ್ಚಿಸಿಕೊಂಡ 10 ದಿನದ ನಂತರವೇ ಆ ಕಾರ್ಡ್ ನಡೆಯುತ್ತದೆ, ಆಮೇಲೆ ಜೀವನಪೂರ್ತಿ ನಡೆಯುತ್ತದೆ. ವಾಪಸ್ ಬರುವಾಗ ನಮ್ಮ ದೇಶದಲ್ಲೂ ಅದನ್ನು ಕೇಳುತ್ತಾರೆ. ಇಲ್ಲದಿದ್ದರೆ 6 ದಿನದವರೆಗೆ ಬೇರೆ ಇರಿಸಬಹುದು. ಹಾಗಾಗಿ ಪಾಸ್‌ಪೋರ್ಟ್ ಜೊತೆಯಲ್ಲೇ ಇಡಿ. ಮಲೇರಿಯಾ ಮಾತ್ರೆ ಬಗ್ಗೆ ವೈದ್ಯರನ್ನು ಕೇಳಿ, ಸೊಳ್ಳೆಪರದೆ ಒಯ್ಯಿರಿ.

ಅಲ್ಲಿ ಗಲಾಟೆ ಇದೆ ಅಂತಾರಲ್ಲ, ಹೋಗಬಹುದಾ?

ಗಲಾಟೆ ಇರುವುದು ನಿಜ. ದೇಶದ ವಾಯವ್ಯ ಮತ್ತು ನೈಋತ್ಯ ಪ್ರಾಂತ್ಯಗಳಲ್ಲಿ, ಅಂದರೆ ಇಂಗ್ಲಿಷ್ ಮಾತಾಡುವ ಕಡೆ, 2017ರಿಂದ ಹೋರಾಟಗಾರರಿಗೂ ಸೈನ್ಯಕ್ಕೂ ಕಾಳಗ ನಡೆಯುತ್ತಿದೆ. ಫುಂಬಾನ್ ಆ ಪ್ರಾಂತ್ಯಗಳಲ್ಲಿ ಇಲ್ಲ. ಆದರೆ ವಾಯವ್ಯ ಪ್ರಾಂತ್ಯದ ಗಡಿ ದೂರವೂ ಅಲ್ಲ. ಹೊರಡುವ ವಾರ ಭಾರತ ಸರ್ಕಾರದ ಸೂಚನೆ ನೋಡಿ. ಯಾವುಂಡೆಯಲ್ಲಿ ನಮ್ಮ ಹೈಕಮಿಷನ್ ಇದೆ, ಅಲ್ಲಿಗೆ ನಿಮ್ಮ ವಿವರ ತಿಳಿಸಿಡಿ. ಹಗಲು ಮಾತ್ರ ಓಡಾಡಿ. ವಾಯವ್ಯ ಪ್ರಾಂತ್ಯದ ಬಾಮೆಂಡಾ ಕಡೆಗೂ ಒಮ್ಮೆ ಹೋಗಿ ಬರೋಣ ಎಂದು ದಾರಿ ಬದಲಿಸಬೇಡಿ.

ಯಾವ ತಿಂಗಳು ಒಳ್ಳೆಯದು?

ನವೆಂಬರ್‌ನಿಂದ ಫೆಬ್ರವರಿ. ಮಳೆ ಇರುವುದಿಲ್ಲ, ಬೆಳಗ್ಗೆ ತಣ್ಣಗಿರುತ್ತದೆ, ತೆಳುವಾದ ಸ್ವೆಟರ್ ಬೇಕಾಗುತ್ತದೆ. ಜನವರಿ ಹೊತ್ತಿಗೆ ಸಹಾರಾ ಕಡೆಯಿಂದ ಧೂಳಿನ ಗಾಳಿ ಬರುತ್ತದೆ, ಗಂಟಲು ಕೆರೆಯುತ್ತದೆ.

ನಾವು ಸಸ್ಯಾಹಾರಿಗಳು. ಊಟದ ಗತಿ ಏನು?

ಉಪವಾಸ ಬೀಳುವುದಿಲ್ಲ. ಮೆಕ್ಕೆಜೋಳದ ಹಿಟ್ಟಿನ ಮುದ್ದೆ ಅಲ್ಲಿಯ ದಿನದ ಊಟ. ಅದರ ಜೊತೆ ಎನ್‌ಜಾಪ್‌ಚೆ ಎಂಬ ಸೊಪ್ಪಿನ ಪಲ್ಯ. ಈ ಸೊಪ್ಪು ನಮ್ಮ ಗಣಿಕೆ ಸೊಪ್ಪಿನ ಹತ್ತಿರದ ನೆಂಟ. ಮುದ್ದೆ ಮುರಿದು ಸೊಪ್ಪಿನ ಜೊತೆ ಬಾಯಿಗಿಟ್ಟಾಗ ನನಗೆ ಊರು ನೆನಪಾಗಿ ಒಂದು ಕ್ಷಣ ಸುಮ್ಮನೆ ಕೂತೆ. ಬಾಳೆಕಾಯಿ ಸುಟ್ಟದ್ದು, ಕೆಸುವಿನ ಗೆಡ್ಡೆ, ಬೆಣ್ಣೆಹಣ್ಣು, ಹುರುಳಿಕಾಯಿಯ ಕಾಳು ಎಲ್ಲ ಧಾರಾಳ.

ಒಂದು ಎಚ್ಚರಿಕೆ. ಒಣ ಸೀಗಡಿ ಪುಡಿಯನ್ನು ಅಲ್ಲಿ ಪಲ್ಯ, ಸಾರಿಗೆಲ್ಲ ಹಾಕುತ್ತಾರೆ. ಅವರ ಪಾಲಿಗೆ ಅದು ಮಾಂಸವೇ ಅಲ್ಲ, ನಮಗೆ ಒಗ್ಗರಣೆ ಇದ್ದ ಹಾಗೆ. "ಮಾಂಸ ಬೇಡ" ಎಂದರೆ ಸಾಲದು, "ಮೀನು, ಸೀಗಡಿ ಕೂಡ ಬೇಡ" ಎಂದು ಬಿಡಿಸಿ ಹೇಳಬೇಕು.

## ಅರಮನೆ ಮತ್ತು ಮ್ಯೂಸಿಯಂ

ಅರಮನೆ ಯಾಕೆ ಯುರೋಪಿನ ಕಟ್ಟಡದ ಥರ ಕಾಣುತ್ತೆ?

ಮೊದಲಿನ ಅರಮನೆ ಬಿದಿರಿನಂಥ ದಬ್ಬೆ ಮತ್ತು ಹುಲ್ಲಿನದು. ಬೆಂಕಿಗೆ ಸಿಕ್ಕಿ ಹೋಯಿತು. ಈಗಿನದನ್ನು ಕಟ್ಟಿಸಿದ್ದು 2021ರಲ್ಲಿ ತೀರಿಕೊಂಡ ರಾಜರ ತಾತ ಸುಲ್ತಾನ್ ಇಬ್ರಾಹಿಂ ಎನ್‌ಜೋಯಾ, 1917ರಲ್ಲಿ ಕೆಲಸ ಶುರುವಾಯಿತು. ಅದಕ್ಕೂ ಮೊದಲು, 1908ರಲ್ಲಿ, ಕರಾವಳಿ ಹತ್ತಿರದ ಬುಯೆಯಾ ಊರಿಗೆ ಹೋಗಿ, ಆಗ ಕ್ಯಾಮರೂನನ್ನು ಆಳುತ್ತಿದ್ದ ಜರ್ಮನರ ಗವರ್ನರನ ಬಂಗಲೆ ನೋಡಿ ಬಂದಿದ್ದರು. ಅದರ ನೆನಪು ಈ ಕಟ್ಟಡದಲ್ಲಿದೆ ಎನ್ನುತ್ತಾರೆ. ಕಮಾನುಗಳು, ಮಹಡಿ, ಗೋಪುರ, ಇಟ್ಟಿಗೆ.

ಹಾಗಂತ ಇದನ್ನು ನಕಲು ಎಂದು ತಿಳಿಯಬೇಡಿ. ಇಟ್ಟಿಗೆ ಸುಟ್ಟವರು, ಮರ ಕೆತ್ತಿದವರು ಅಲ್ಲಿಯವರೇ. ಕಂಬಗಳ ಮೇಲಿನ ಕೆತ್ತನೆ ಹತ್ತಿರದಿಂದ ನೋಡಿ, ಅದು ಅಪ್ಪಟ ಬಮೂಮ್. ಹೊರಗಿನದರಲ್ಲಿ ತಮಗೆ ಬೇಕಾದ್ದನ್ನು ಆರಿಸಿ ತಗೊಂಡು ತಮ್ಮದು ಮಾಡಿಕೊಳ್ಳುವುದು ಎನ್‌ಜೋಯಾ ಅವರ ಗುಣ. ಅರಮನೆಯಲ್ಲಿ, ಲಿಪಿಯಲ್ಲಿ, ಧರ್ಮದಲ್ಲಿ ಎಲ್ಲದರಲ್ಲೂ ಇದನ್ನೇ ಮಾಡಿದರು. 1980ರ ದಶಕದಲ್ಲಿ ಯುನೆಸ್ಕೊ ನೆರವಿನಿಂದ ಕಟ್ಟಡದ ದುರಸ್ತಿ ನಡೆಯಿತು.

ಮ್ಯೂಸಿಯಂ ಹಾವಿನ ಆಕಾರದಲ್ಲಿದೆಯಂತೆ, ನಿಜಾನಾ?

ನಿಜ. ಹಾವಷ್ಟೇ ಅಲ್ಲ, ಮೇಲೆ ಜೇಡ ಕೂಡ ಇದೆ. ಎರಡು ತಲೆಯ ದೊಡ್ಡ ಹಾವು, ಅದರ ಮೇಲೆ ಕಾಲು ಚಾಚಿದ ಜೇಡ, ಬಾಗಿಲಲ್ಲಿ ಜೋಡಿ ಗಂಟೆ. 2024ರ ಏಪ್ರಿಲ್‌ನಲ್ಲಿ ಉದ್ಘಾಟನೆ ಆಯಿತು. ಅದಕ್ಕೆ ಮೊದಲು ಸಂಗ್ರಹವೆಲ್ಲ ಹಳೆ ಅರಮನೆಯ ಒಳಗೇ ಇತ್ತು.

ಈ ಮೂರೂ ರಾಜ್ಯದ ಗುರುತುಗಳು. ಎರಡು ತಲೆಯ ಹಾವು ಎಂಬುವೆಂಬುವೆ ಎಂಬ ರಾಜನದು. ಹತ್ತೊಂಬತ್ತನೇ ಶತಮಾನದ ಮೊದಲ ಭಾಗದಲ್ಲಿ ರಾಜ್ಯವನ್ನು ಹಿಗ್ಗಿಸಿದವನು ಅವನೇ. ಒಂದೇ ಹೊತ್ತಿಗೆ ಎರಡು ದಿಕ್ಕಿನಿಂದ ಬಂದ ಶತ್ರುಗಳನ್ನು ಗೆದ್ದದ್ದಕ್ಕೆ ಈ ಗುರುತು ಇಟ್ಟುಕೊಂಡ ಎನ್ನುತ್ತಾರೆ. ಊರಿನ ಸುತ್ತ ಅವನು ತೋಡಿಸಿದ ಕಂದಕದ ತುಂಡುಗಳು ಇಂದಿಗೂ ಕಾಣುತ್ತವೆ. ಜೇಡ ದುಡಿಮೆ ಮತ್ತು ಬುದ್ಧಿಯ ಗುರುತು. ಜೋಡಿ ಗಂಟೆ ಜನರನ್ನು ಕರೆಯುವ ರಾಜನ ದನಿ. ಇಷ್ಟು ತಿಳಿದುಕೊಂಡು ಹೋದರೆ ಆ ಊರಿನ ಬಟ್ಟೆ, ಬಾಗಿಲು, ಹಿತ್ತಾಳೆ ಎಲ್ಲೆಡೆ ಈ ಮೂರನ್ನು ನೀವೇ ಗುರುತು ಹಿಡಿಯುತ್ತೀರಿ.

ಒಳಗೆ ತಪ್ಪದೆ ನೋಡಬೇಕಾದ್ದು ಯಾವುದು?

ಎಲ್ಲರೂ ಮೊದಲು ಓಡುವುದು ಎಂಬುವೆಂಬುವೆಯ ವಸ್ತುಗಳ ಕಡೆಗೆ. ಸೋತ ಶತ್ರುಗಳ ದವಡೆ ಮೂಳೆ ಕಟ್ಟಿದ ಸೋರೆ ಬುರುಡೆ ಅಲ್ಲಿಯ ಪ್ರಸಿದ್ಧ ವಸ್ತು. ಅವನು ಎರಡೂವರೆ ಮೀಟರಿಗೂ ಎತ್ತರ ಇದ್ದ ಎಂಬ ಕತೆಯನ್ನು ಮಾರ್ಗದರ್ಶಕರು ಖುಷಿಯಿಂದ ಹೇಳುತ್ತಾರೆ. ಮಣಿ ಪೋಣಿಸಿದ ಗದ್ದುಗೆಗಳು, ರಾಜರ ನಿಲುವಂಗಿಗಳು, ಮುಖವಾಡಗಳು, ಯುದ್ಧದ ಆಯುಧಗಳು, ಇವೆಲ್ಲ ಕಣ್ಣಿಗೆ ಹಬ್ಬ.

ನಾನು ಜಾಸ್ತಿ ಹೊತ್ತು ನಿಂತದ್ದು ಬೇರೆ ಎರಡರ ಮುಂದೆ. ಒಂದು, ಎನ್‌ಜೋಯಾ ತಮ್ಮದೇ ಲಿಪಿಯಲ್ಲಿ ಬರೆಸಿದ ಕೈಬರಹದ ಹಾಳೆಗಳು. ಇನ್ನೊಂದು, ಅವರು ರೂಪಿಸಿದ ಮೆಕ್ಕೆಜೋಳ ಬೀಸುವ ಯಂತ್ರ. ಹೆಂಗಸರು ಕಲ್ಲಿನಲ್ಲಿ ಬೀಸಿ ಬೀಸಿ ಸೋಲುವುದನ್ನು ಕಂಡು ಒಬ್ಬ ರಾಜ ಕೂತು ಗಾಲಿ, ಹಿಡಿಕೆ ಲೆಕ್ಕ ಹಾಕಿದ್ದು ನನಗೆ ಯಾವ ಕಿರೀಟಕ್ಕಿಂತಲೂ ದೊಡ್ಡದಾಗಿ ಕಂಡಿತು.

ಮಾರ್ಗದರ್ಶಕರನ್ನು ಬಿಟ್ಟು ಒಬ್ಬರೇ ಸುತ್ತಬೇಡಿ. ವಿವರಣೆ ಹೆಚ್ಚಾಗಿ ಫ್ರೆಂಚಿನಲ್ಲಿರುತ್ತದೆ. ಇಂಗ್ಲಿಷ್ ಬಲ್ಲವರು ಬೇಕೆಂದು ಟಿಕೆಟ್ ಕೊಳ್ಳುವಾಗಲೇ ಕೇಳಿ, ಕಾಯಬೇಕಾದರೆ ಕಾಯಿರಿ.

ರಾಜರು ಎದುರಾದರೆ ಏನು ಮಾಡಬೇಕು? ಫೋಟೊ ತೆಗೀಬಹುದಾ?

ದಾರಿ ಬಿಟ್ಟು ಪಕ್ಕಕ್ಕೆ ನಿಲ್ಲಿ, ತಲೆ ಬಾಗಿಸಿ. ಕೈ ಕುಲುಕಲು ಮುಂದೆ ಹೋಗಬೇಡಿ. ಅವರೇ ಕೈ ಚಾಚಿದರೆ ಬೇರೆ ಮಾತು. ಅಲ್ಲಿಯ ಜನ ರಾಜರ ಎದುರು ಬಾಗಿ, ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡುತ್ತಾರೆ. ಈ ಮರ್ಯಾದೆ ನಮಗೆ ಹೊಸದಲ್ಲ, ಹಳೆಯ ಕಾಲದ ನಮ್ಮ ಹಳ್ಳಿಗಳಲ್ಲೂ ಇತ್ತು, ಅಲ್ವಾ? ಭುಜ, ಮೊಣಕಾಲು ಮುಚ್ಚುವ ಬಟ್ಟೆ ಹಾಕಿ.

ಫೋಟೊಗೆ ಪ್ರತಿ ಕಡೆಯೂ ಕೇಳಿ. ಅಂಗಳದಲ್ಲಿ ಸರಿ ಎಂದವರು ಒಳಗೆ ಬೇಡ ಎನ್ನಬಹುದು. ಕೆಲವು ವಸ್ತುಗಳು ಅವರಿಗೆ ಇಂದಿಗೂ ಪೂಜೆಯವು, ಹಬ್ಬದ ದಿನ ಹೊರಗೆ ತೆಗೆದು ಬಳಸುವಂಥವು.

## ಕುಶಲಕರ್ಮಿಗಳ ಬೀದಿ

ಬೀದಿಯಲ್ಲಿ ಏನೇನು ಸಿಗುತ್ತೆ? ಏನು ತಗೊಳ್ಳೋದು ಒಳ್ಳೇದು?

ರಸ್ತೆಯ ಎರಡೂ ಕಡೆ ಅಂಗಡಿ, ಅಂಗಡಿಯ ಹಿಂದೆ ಕೆಲಸದ ಕೊಟ್ಟಿಗೆ. ಮರದ ಕೆತ್ತನೆ, ಹಿತ್ತಾಳೆ, ಮಣಿ ಕೆಲಸ, ಬುಟ್ಟಿ, ಚರ್ಮ, ಡೋಲು, ಕಸೂತಿ. ಎನ್‌ಜೋಯಾ ಅರಮನೆಯಲ್ಲೇ ಕುಶಲಕರ್ಮಿಗಳನ್ನು ಸಾಕಿದ್ದರು. 1920ರ ದಶಕದಲ್ಲಿ ಅವರ ಅಧಿಕಾರವನ್ನು, ಜರ್ಮನರ ನಂತರ ಆಳಲು ಬಂದ ಫ್ರೆಂಚರು ಕಿತ್ತುಕೊಂಡ ಹೊತ್ತಿನಲ್ಲಿ ಮೋಸೆ ಯೇಯಾಪ್ ಎಂಬವರು ಕಸುಬುದಾರರನ್ನು ಈ ಕಡೆ ಸೇರಿಸಿದರು, ಕಲಾವಸ್ತುಗಳನ್ನೂ ಕೂಡಿಸಿಟ್ಟರು. ಚಿಕ್ಕ ಮ್ಯೂಸಿಯಂ ಹುಟ್ಟಿದ್ದು ಆ ಸಂಗ್ರಹದಿಂದ. ಯೇಯಾಪ್ ಫ್ರೆಂಚರ ಕಡೆಯವರಾಗಿದ್ದರು, ರಾಜರಿಗೆ ಎದುರಾಳಿ. ಆ ಜಗಳದ ನೆನಪು ಇನ್ನೂ ಊರಿನಲ್ಲಿದೆ. ಹಾಗಾಗಿ ಎರಡೂ ಮ್ಯೂಸಿಯಂ ನೋಡಿ, ಎರಡೂ ಕಡೆಯ ಕತೆ ಕೇಳಿ.

ನನ್ನ ಆಯ್ಕೆ ಎನ್‌ಡೋಪ್ ಬಟ್ಟೆ. ಗಾಢ ನೀಲಿ, ಮೇಲೆ ಬಿಳಿ ಚಿತ್ತಾರ. ಹತ್ತಿಯ ಸಣ್ಣ ಪಟ್ಟಿಗಳನ್ನು ಜೋಡಿಸಿ ಹೊಲಿದ ಬಟ್ಟೆ ಇದು. ಚಿತ್ತಾರ ಬರಬೇಕಾದ ಕಡೆ ತಾಳೆ ಜಾತಿಯ ರಾಫಿಯಾ ಮರದ ನಾರಿನಿಂದ ಬಿಗಿಯಾಗಿ ಹೊಲಿದು, ನೀಲಿಯಲ್ಲಿ ಅದ್ದುತ್ತಾರೆ. ಒಣಗಿದ ಮೇಲೆ ಹೊಲಿಗೆ ಬಿಚ್ಚಿದರೆ ಒಳಗೆ ಬಿಳಿ ಉಳಿದಿರುತ್ತದೆ. ಹೊಲಿಗೆ ಬಿಚ್ಚಿದ ಸಣ್ಣ ತೂತುಗಳು ಕಂಡರೆ ಕೈಕೆಲಸದ್ದು. ಮಿಷನ್ನಿನಲ್ಲಿ ಅಚ್ಚು ಹಾಕಿದ್ದಾದರೆ ಆ ತೂತು ಇರುವುದಿಲ್ಲ, ಹಿಂದಿನ ಮೈ ಮಂಕಾಗಿರುತ್ತದೆ. ಬಟ್ಟೆ ಹಗುರ, ಮಡಿಚಿ ತರಬಹುದು, ಮುರಿಯುವುದಿಲ್ಲ.

ಹಿತ್ತಾಳೆ ಗೊಂಬೆ ಹೇಗೆ ಮಾಡ್ತಾರೆ? ಹತ್ತಿರ ಬಿಟ್ಕೋತಾರಾ?

ಬಿಟ್ಟುಕೊಳ್ಳುತ್ತಾರೆ, ಬೆಳಗ್ಗೆ ಹೋಗಿ. ಮೇಣದ ಎರಕ ಇದು. ಜೇನುಮೇಣದಲ್ಲಿ ಗೊಂಬೆ ತಿದ್ದುತ್ತಾರೆ, ಕೂದಲೆಳೆಯಷ್ಟು ಸಣ್ಣ ಮೇಣದ ದಾರ ಸುತ್ತಿ ಒಡವೆ, ಬಟ್ಟೆಯ ಗೆರೆ ಮೂಡಿಸುತ್ತಾರೆ. ಮೇಲೆ ನುಣ್ಣನೆ ಮಣ್ಣು, ಆಮೇಲೆ ಒರಟು ಮಣ್ಣು ಮೆತ್ತಿ ಒಣಗಿಸುತ್ತಾರೆ. ಸುಟ್ಟಾಗ ಮೇಣ ಕರಗಿ ಹೋಗಿ ಟೊಳ್ಳು ಉಳಿಯುತ್ತದೆ. ಹಳೆ ನಲ್ಲಿ, ಬೀಗ, ಪಾತ್ರೆ ಚೂರು ಕರಗಿಸಿ ಆ ಟೊಳ್ಳಿಗೆ ಹೊಯ್ಯುತ್ತಾರೆ. ಮಣ್ಣು ಒಡೆದರೆ ಗೊಂಬೆ. ಒಂದು ಅಚ್ಚಿಗೆ ಒಂದೇ ಗೊಂಬೆ, ಅದರಂಥದ್ದೇ ಇನ್ನೊಂದು ಇರುವುದಿಲ್ಲ. ನಾಗಮಂಗಲದಲ್ಲಿ ವಿಗ್ರಹ ಎರಕ ಹೊಯ್ಯುವುದನ್ನು ನೋಡಿದ್ದರೆ ಪ್ರತಿ ಹೆಜ್ಜೆಯೂ ಗೊತ್ತಾಗುತ್ತದೆ.

ಎರಕ ಹೊಯ್ಯುವ ಹೊತ್ತಿಗೆ ಮಾತಾಡಿಸಬೇಡಿ. ದೂರ ನಿಂತು ನೋಡಿ. ಮಣ್ಣಿನಲ್ಲಿ ತೇವ ಉಳಿದಿದ್ದರೆ ಅಚ್ಚು ಸಿಡಿಯುತ್ತದೆ.

"ಇನ್ನೂರು ವರ್ಷದ ಮುಖವಾಡ" ಅಂತಾರೆ. ನಂಬಬಹುದಾ?

ನಂಬಬೇಡಿ. ಹೊಸ ಮರಕ್ಕೆ ಹೊಗೆ ಕೊಟ್ಟು, ಮಣ್ಣಲ್ಲಿ ಹೂತು, ಎಣ್ಣೆ ಬಳಿದು ಹಳೆಯದರಂತೆ ಮಾಡುವುದರಲ್ಲಿ ಫುಂಬಾನ್ ಕೈ ಪಳಗಿದೆ. ಕಲಾವಸ್ತು ಕೊಳ್ಳುವ ದೊಡ್ಡವರಿಗೆಲ್ಲ ಇದು ಗೊತ್ತಿರುವ ಸಂಗತಿ. ಬಮೂಮರದ್ದಲ್ಲದ ಮುಖವಾಡಗಳನ್ನೂ, ನೈಜೀರಿಯಾದ ಬೆನಿನ್ ಶೈಲಿಯ ಹಿತ್ತಾಳೆ ತಲೆಗಳನ್ನೂ ಅಲ್ಲಿ ಮಾಡುತ್ತಾರೆ.

ನನಗೂ ಒಂದು ಕಹಿ ಅನುಭವವಾಯಿತು. ತಾತನ ಕಾಲದ್ದು ಎಂದು ಒಬ್ಬರು ಕೊಟ್ಟ ಸ್ಟೂಲಿನ ಕಪ್ಪು ಬಣ್ಣ ಎರಡೇ ದಿನದಲ್ಲಿ ನನ್ನ ಬಟ್ಟೆಗೆ ಹತ್ತಿತು. ಬೇಸರ ದುಡ್ಡಿಗಲ್ಲ. ಆ ಕೆತ್ತನೆ ನಿಜಕ್ಕೂ ಚೆನ್ನಾಗಿತ್ತು. ಹೊಸದು, ನಾನೇ ಮಾಡಿದ್ದು ಎಂದಿದ್ದರೂ ಅಷ್ಟೇ ದುಡ್ಡು ಕೊಡುತ್ತಿದ್ದೆ.

ಅದಕ್ಕೇ ನಾನು ಹೇಳುವುದು: ಹಳೆಯದನ್ನು ಕೇಳಲೇಬೇಡಿ. ಇದನ್ನು ಮಾಡಿದ್ದು ಯಾರು ಎಂದು ಕೇಳಿ. ಕೊಟ್ಟಿಗೆಗೆ ಹೋಗಿ ಆ ಮನುಷ್ಯನನ್ನು ಕಂಡು, ಅವರ ಕೈಯಿಂದಲೇ ಕೊಳ್ಳಿ. ನಿಜವಾಗಿ ಹಳೆಯದೇ ಆಗಿದ್ದರೆ ಅದು ಯಾವುದೋ ಮನೆಯಿಂದಲೋ ಗುಡಿಯಿಂದಲೋ ಹೋದ ವಸ್ತು. ಅದನ್ನು ಕೊಳ್ಳುವುದು ಇನ್ನೂ ದೊಡ್ಡ ತಪ್ಪು.

ಚೌಕಾಸಿ ಎಷ್ಟು ಮಾಡಬೇಕು? ದುಡ್ಡು ಹೇಗೆ ಒಯ್ಯೋದು?

ಅಲ್ಲಿಯದು ಸಿಎಫ್‌ಎ ಫ್ರಾಂಕ್. ಒಂದು ಯೂರೊಗೆ 655.957 ಎಂದು ಕಟ್ಟಿಹಾಕಿದ ದರ, ಏರಿಳಿತ ಇಲ್ಲ. ನಮ್ಮ ಒಂದು ರೂಪಾಯಿಗೆ ಆರೇಳು ಫ್ರಾಂಕ್ ಎಂದು ಲೆಕ್ಕ ಹಾಕಿಕೊಳ್ಳಿ. ಯೂರೊ ಒಯ್ದು ದೊಡ್ಡ ಊರಿನಲ್ಲೇ ಬದಲಿಸಿ, ಬೀದಿಯಲ್ಲಿ ನಗದೇ ನಡೆಯುವುದು.

ಚೌಕಾಸಿ ಮಾಡದಿದ್ದರೆ ಅವರಿಗೂ ಸಪ್ಪೆ. ಮೊದಲು "ಬೊಂಜೂರ್" ಎಂದು ನಮಸ್ಕಾರ ಹೇಳಿ, ಕುಶಲ ವಿಚಾರಿಸಿ, ಆಮೇಲೆ ಬೆಲೆ. ನೇರ ಬೆಲೆ ಕೇಳುವುದು ಒರಟುತನ. ಅರ್ಧದಿಂದ ಶುರು ಮಾಡಿ ನಿಧಾನಕ್ಕೆ ಏರಿ. ಒಪ್ಪಿದ ಮೇಲೆ ಹಿಂದೆ ಸರಿಯಬೇಡಿ. ಕಣ್ಣ ಮುಂದೆ ನಾಲ್ಕು ದಿನ ಕೆತ್ತಿದವರ ಹತ್ತಿರ ಕೊನೆಯ ನೂರು ಫ್ರಾಂಕಿಗೆ ಎಳೆದಾಡಬೇಡಿ.

ಕೊಂಡದ್ದನ್ನು ಊರಿಗೆ ತರೋಕೆ ತೊಂದರೆ ಆಗುತ್ತಾ?

ಆನೆ ದಂತ, ಚಿರತೆ ಚರ್ಮ, ಬೂದು ಗಿಳಿಯ ಕೆಂಪು ಗರಿ ಇರುವ ಯಾವುದನ್ನೂ ಮುಟ್ಟಬೇಡಿ. ಎರಡೂ ದೇಶದಲ್ಲಿ ಅಪರಾಧ. ಹಳೆ ವಸ್ತುಗಳನ್ನು ದೇಶದಿಂದ ಹೊರಗೆ ಒಯ್ಯಲು ಅಲ್ಲಿಯ ಸಂಸ್ಕೃತಿ ಇಲಾಖೆಯ ಅನುಮತಿ ಬೇಕು. ಹೊಸದಾದರೂ ಹಳೆಯದರಂತೆ ಕಂಡರೆ ವಿಮಾನ ನಿಲ್ದಾಣದಲ್ಲಿ ತಡೆಯುತ್ತಾರೆ. ಹಾಗಾಗಿ "ಹೊಸದು, ಇಂಥ ದಿನ ಕೊಂಡದ್ದು" ಎಂದು ಬರೆದ ರಸೀದಿ ಪಡೆಯಿರಿ. ಮರದ ವಸ್ತುವಿನಲ್ಲಿ ಹುಳದ ತೂತು, ಪುಡಿ ಇದೆಯಾ ನೋಡಿ. ಇದ್ದರೆ ಬೇಡ.

## ಇನ್ನಷ್ಟು ಆಳಕ್ಕೆ

ಜನರೇ ರಾಜನನ್ನು ವಿಚಾರಣೆ ಮಾಡ್ತಾರಂತೆ, ಹೌದಾ?

ಹೌದು. ಹಬ್ಬದ ಹೆಸರು ಎನ್‌ಗುವೊನ್. ಮೂಲದಲ್ಲಿ ಸುಗ್ಗಿ ಹಬ್ಬ, ರಾಜ್ಯದ ಎಲ್ಲ ಕಡೆಯಿಂದ ಬೆಳೆಯ ಪಾಲು ಅರಮನೆಗೆ ಬರುತ್ತಿತ್ತು. ಅದರ ಜೊತೆಯಲ್ಲೇ ಜನರ ದೂರೂ ಬರುತ್ತಿತ್ತು. ಹಬ್ಬದ ದಿನ ರಾಜ ಗದ್ದುಗೆಯಿಂದ ಇಳಿದು ಎಲ್ಲರ ಎದುರು ನಿಲ್ಲುತ್ತಾನೆ. ಆ ಹೊತ್ತಿಗೆ ಅವನು ರಾಜ ಅಲ್ಲ. ಜನರ ಪರವಾಗಿ ಬಂದವರು ಎಲ್ಲಿ ತಪ್ಪಾಯಿತು, ಎಲ್ಲಿ ಅನ್ಯಾಯವಾಯಿತು ಎಂದು ಮುಖದ ಮೇಲೆ ಹೇಳುತ್ತಾರೆ. ಅವನು ಉತ್ತರ ಕೊಡಬೇಕು, ದಂಡ ಕಟ್ಟಬೇಕು. ಆಮೇಲೆ ಮತ್ತೆ ಗದ್ದುಗೆ.

1920ರ ದಶಕದಲ್ಲಿ ಫ್ರೆಂಚರ ಆಳ್ವಿಕೆಯಲ್ಲಿ ಹಬ್ಬ ನಿಂತುಹೋಗಿತ್ತು. 1990ರ ದಶಕದಲ್ಲಿ ಮತ್ತೆ ಶುರುವಾಯಿತು, ಈಗ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. 2023ರಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಹಬ್ಬಕ್ಕೆ ಹೋಗುವುದಾದರೆ ರೂಮು ತಿಂಗಳುಗಟ್ಟಲೆ ಮೊದಲೇ ಹಿಡಿಯಬೇಕು. ಮ್ಯೂಸಿಯಂ ಶಾಂತವಾಗಿ ನೋಡಬೇಕೆನ್ನುವವರು ಆ ವಾರ ಬಿಟ್ಟು ಬೇರೆ ವಾರ ಹೋಗುವುದು ಒಳ್ಳೆಯದು.

ಅವರ ಸಿಂಹಾಸನ ಬರ್ಲಿನ್‌ನಲ್ಲಿ ಯಾಕಿದೆ? ಕದ್ದದ್ದಾ?

ಮಾಂಡು ಯೆನು ಎಂದು ಅದರ ಹೆಸರು, "ಮಣಿಗಳಿಂದ ತುಂಬಿದ್ದು" ಎಂದು ಅರ್ಥ. ಹಿಂದೆ ಒಂದು ಗಂಡು, ಒಂದು ಹೆಣ್ಣು ನಿಂತಿರುತ್ತಾರೆ. ಕಾಲಿಡುವ ಕಡೆ ಬಂದೂಕು ಹಿಡಿದ ಇಬ್ಬರು ಯೋಧರು. ಮೈಯೆಲ್ಲ ಗಾಜಿನ ಮಣಿ, ಕವಡೆ. ಎನ್‌ಜೋಯಾ ಅವರ ತಂದೆ ಎನ್‌ಸಾಂಗು ಅವರದು.

1908ರಲ್ಲಿ ಎನ್‌ಜೋಯಾ ಇದನ್ನು ಜರ್ಮನ್ ಚಕ್ರವರ್ತಿ ವಿಲ್‌ಹೆಲ್ಮ್‌ಗೆ ಉಡುಗೊರೆ ಕೊಟ್ಟರು. ನಕಲು ಮಾಡಿಸಿ ಕೊಡಬೇಕೆಂದಿದ್ದರು, ಅದು ಹೊತ್ತಿಗೆ ಮುಗಿಯಲಿಲ್ಲ, ಮೂಲವೇ ಹೋಯಿತು. ಹಾಗಾಗಿ ಕಾಗದದ ಮೇಲೆ ಇದು ಕಳವಲ್ಲ. ಆದರೆ ಹಿಂದಿನ ಕತೆ ಕೇಳಿ. ಎನ್‌ಸಾಂಗು ಪಕ್ಕದ ಎನ್‌ಸೊ ಜನರ ಮೇಲಿನ ಯುದ್ಧದಲ್ಲಿ ಸತ್ತಿದ್ದರು, ಅವರ ತಲೆ ಶತ್ರುಗಳ ಕೈಯಲ್ಲಿ ಉಳಿದಿತ್ತು. 1906ರಲ್ಲಿ ಜರ್ಮನ್ ಸೈನ್ಯದ ದಾಳಿಯ ನಂತರ ಆ ತಲೆ ಫುಂಬಾನ್‌ಗೆ ಮರಳಿತು. ತಂದೆಯ ತಲೆ ತಂದುಕೊಟ್ಟವರು, ಜೊತೆಗೆ ಇಡೀ ಸೀಮೆಯನ್ನು ಬಂದೂಕಿನಿಂದ ಆಳುವವರು "ಆ ಗದ್ದುಗೆ ಚೆನ್ನಾಗಿದೆ, ಕೊಡುತ್ತೀರಾ" ಎಂದು ವರ್ಷಗಟ್ಟಲೆ ಕೇಳಿದರೆ, ಕೊಟ್ಟದ್ದನ್ನು ಬರೀ ಉಡುಗೊರೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಈಗ ಅದು ಬರ್ಲಿನ್‌ನ ಹಂಬೋಲ್ಟ್ ಫೋರಂನಲ್ಲಿದೆ. ಆಮೇಲೆ ಮುಗಿದ ನಕಲು ಫುಂಬಾನ್‌ನಲ್ಲೇ ಉಳಿಯಿತು.

ಒಬ್ಬ ರಾಜ ಹೊಸ ಲಿಪಿ ಮಾಡಿದ ಅಂದ್ರಲ್ಲ, ಅದು ಹೇಗೆ ಸಾಧ್ಯ?

ಬಮೂಮರು ಹೇಳುವ ಕತೆ ಹೀಗಿದೆ. ಎನ್‌ಜೋಯಾಗೆ ಒಂದು ಕನಸು ಬಿತ್ತು. ಹಲಗೆಯ ಮೇಲೆ ಕೈಯ ಚಿತ್ರ ಬರೆ, ತೊಳೆದು ಆ ನೀರು ಕುಡಿ ಎಂದು ಯಾರೋ ಹೇಳಿದರು. ಬೆಳಗ್ಗೆ ಎದ್ದು ಹಾಗೇ ಮಾಡಿದರು. ಆಮೇಲೆ ಪ್ರಜೆಗಳನ್ನು ಕರೆದು, ನಿಮಗೆ ಗೊತ್ತಿರುವ ವಸ್ತುಗಳಿಗೆಲ್ಲ ಒಂದೊಂದು ಗುರುತು ಬರೆದು ತನ್ನಿ ಎಂದರು. ಬಂದದ್ದರಲ್ಲಿ ಆರಿಸಿ, ತಿದ್ದಿ, 1896ರ ಸುಮಾರಿಗೆ ಮೊದಲ ಲಿಪಿ ಆಯಿತು.

ಮೊದಲಿಗೆ ಐನೂರರ ಹತ್ತಿರ ಗುರುತುಗಳು, ಒಂದೊಂದು ವಸ್ತುವಿಗೆ ಒಂದೊಂದು. ಅಷ್ಟು ನೆನಪಿಟ್ಟುಕೊಳ್ಳುವುದು ಕಷ್ಟ ಎಂದು ಗೊತ್ತಾದಾಗ ಮತ್ತೆ ತಿದ್ದಿದರು. ಮತ್ತೆ ಮತ್ತೆ ತಿದ್ದಿದರು. ಚಿತ್ರ ಹೋಗಿ ಉಚ್ಚಾರಕ್ಕೆ ಅಕ್ಷರ ಬಂತು. 1910ರ ಹೊತ್ತಿಗೆ 80 ಅಕ್ಷರಕ್ಕೆ ಇಳಿದಿತ್ತು. ಮೊದಲ ನಾಲ್ಕು ಅಕ್ಷರ ಸೇರಿಸಿ ಅದನ್ನು ಅ-ಕ-ಉ-ಕು ಎನ್ನುತ್ತಾರೆ. ಸಾವಿರಾರು ವರ್ಷದಲ್ಲಿ ಆಗುವ ಬದಲಾವಣೆ ಒಬ್ಬರ ಆಯಸ್ಸಿನಲ್ಲೇ ಆಯಿತು.

ಶಾಲೆ ತೆರೆದರು. ರಾಜ್ಯದ ಚರಿತ್ರೆ, ಕಾನೂನು, ಮನೆಮದ್ದು, ನಕ್ಷೆ ಎಲ್ಲ ಅದರಲ್ಲೇ ಬರೆಸಿದರು. ಇಸ್ಲಾಂ, ಕ್ರೈಸ್ತ ಮತ, ಊರಿನ ನಂಬಿಕೆ ಮೂರನ್ನೂ ಸೇರಿಸಿದ ಧರ್ಮದ ಗ್ರಂಥ ಕೂಡ. ಅಚ್ಚಿಗೆಂದು ತಾಮ್ರದ ಅಕ್ಷರ ಎರಕ ಹೊಯ್ಯಿಸಿದರು. ಮೊದಲ ಮಹಾಯುದ್ಧದ ಹೊತ್ತಿಗೆ ಬಂದ ಫ್ರೆಂಚರು ಆ ಶಾಲೆಗಳನ್ನು ಮುಚ್ಚಿಸಿದರು. 1931ರಲ್ಲಿ ರಾಜರನ್ನೇ ಯಾವುಂಡೆಗೆ ಗಡಿಪಾರು ಮಾಡಿದರು. 1933ರಲ್ಲಿ ಅವರು ಅಲ್ಲೇ ತೀರಿಕೊಂಡರು.

ನಮ್ಮ ಕಡೆಗೂ ಫುಂಬಾನ್‌ಗೂ ಏನಾದ್ರೂ ನಂಟಿದೆಯಾ?

ಇದೆ, ಅದು ಮಂಗಳೂರಿನದು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನೇ 1906ರಲ್ಲಿ ಫುಂಬಾನ್‌ಗೂ ಹೋಯಿತು. ಇಲ್ಲಿ ಕನ್ನಡದ ಮೊದಲ ಪತ್ರಿಕೆ, ಕಿಟ್ಟೆಲರ ನಿಘಂಟು ಬಂದದ್ದು ಅವರ ಅಚ್ಚುಕೂಟದಿಂದ. ಅಲ್ಲಿ ಶಾಲೆ ತೆರೆದರು. ಎನ್‌ಜೋಯಾ ಕಾಲದ ಒಳ್ಳೆಯ ಫೋಟೊಗಳಲ್ಲಿ ಹಲವು ಆ ಮಿಷನ್ನಿನ ಶಿಕ್ಷಕಿ ಆನಾ ವೂರ್ಮನ್ ತೆಗೆದವು.

ಇನ್ನೊಂದು ನಂಟು ಕವಡೆ. ಪಶ್ಚಿಮ ಆಫ್ರಿಕಾದಲ್ಲಿ ದುಡ್ಡಾಗಿ ಓಡಾಡಿದ ಕವಡೆಯ ದೊಡ್ಡ ಪಾಲು ಮಾಲ್ಡೀವ್ಸ್ ಕಡಲಿನದು. ನಮ್ಮ ಮನೆಗಳಲ್ಲಿ ಚೌಕಾಬಾರ ಆಡಲು ಬಳಸುವ ಕವಡೆಯೂ ಅದೇ ಜಾತಿ. ಮ್ಯೂಸಿಯಂನಲ್ಲಿ ಗದ್ದುಗೆಯ ಅಂಚಿನಲ್ಲಿ ಸಾಲಾಗಿ ಹೊಲಿದ ಕವಡೆ ಕಂಡಾಗ ಅಜ್ಜಿಯ ಮನೆಯ ಜಗಲಿ ಕಣ್ಣೆದುರು ಬಂತು.

ಆ ಲಿಪಿ ಈಗ ಯಾರಾದ್ರೂ ಓದ್ತಾರಾ? ನಾವೂ ಕಲೀಬಹುದಾ?

ಸರಾಗವಾಗಿ ಓದುವವರು ತೀರಾ ಕಡಿಮೆ. ಆದರೆ ಅರಮನೆಯ ಆಸರೆಯಲ್ಲಿ ಮತ್ತೆ ಕಲಿಸುವ ಕೆಲಸ ನಡೆಯುತ್ತಿದೆ. ಹಳೆಯ ಹಾಳೆಗಳನ್ನು ಒಂದೊಂದಾಗಿ ಫೋಟೊ ತೆಗೆದು ಕಂಪ್ಯೂಟರಿಗೆ ಹಾಕಿದ್ದಾರೆ. 2009ರಲ್ಲಿ 80 ಅಕ್ಷರದ ಲಿಪಿ ಯೂನಿಕೋಡ್ ಸೇರಿತು, ಮರುವರ್ಷ ಹಳೆಯ ಗುರುತುಗಳೂ ಸೇರಿದವು. ಅಂದರೆ ಫಾಂಟ್ ಹಾಕಿಕೊಂಡರೆ ನಿಮ್ಮ ಫೋನಿನಲ್ಲೂ ಎನ್‌ಜೋಯಾ ಅವರ ಅಕ್ಷರ ಮೂಡುತ್ತದೆ.

ಬೀದಿಯಲ್ಲಿ, ಅರಮನೆಯ ಅಂಗಳದಲ್ಲಿ ಲಿಪಿ ಬಲ್ಲವರು ಇದ್ದಾರಾ ಎಂದು ಕೇಳಿ. ನನಗೆ ಒಬ್ಬ ಹಿರಿಯರು ಸಿಕ್ಕಿದರು. ನನ್ನ ಹೆಸರನ್ನು ಎರಡು ಸಲ ಹೇಳಿಸಿಕೊಂಡು, ಸ್ವಲ್ಪ ಯೋಚಿಸಿ, ನೋಟ್‌ಬುಕ್ಕಿನಲ್ಲಿ ನಾಲ್ಕು ಅಕ್ಷರ ಬರೆದರು. ಆಮೇಲೆ ಪುಸ್ತಕ ನನ್ನ ಕಡೆ ತಿರುಗಿಸಿ, ಈಗ ನಿಮ್ಮದು ಬರೆಯಿರಿ ಎಂದರು. ನಾನು ಅವರ ಹೆಸರನ್ನು ಕನ್ನಡದಲ್ಲಿ ಬರೆದೆ. ಒತ್ತಕ್ಷರ ನೋಡಿ, ಇದು ಯಾಕೆ ಕೆಳಗೆ ಕೂತಿದೆ ಎಂದು ಕೇಳಿದರು. ವಿವರಿಸುವಷ್ಟರಲ್ಲಿ ಸಂಜೆ ಆಯಿತು. ಗೆರೆ ಇಲ್ಲದ ಒಂದು ದಪ್ಪ ನೋಟ್‌ಬುಕ್ ಮತ್ತು ಎರಡು ಪೆನ್ನು ಚೀಲದಲ್ಲಿರಲಿ, ಒಂದು ಅಲ್ಲೇ ಕೊಟ್ಟು ಬರಲು.